ಕಾರಿನ ಹಿಂಬದಿಯ ಮುರಿದ ಬೋಲ್ಟು: ಮನೆಯಲ್ಲಿ ಎಷ್ಟು ಮಾಡಬಹುದು?

ಮೋಟಾರು ಗಾಡಿಯ ಹಿಂಬದಿಯಲ್ಲಿ, ಗಾಲಿಗಳನ್ನು ಗಾಡಿಯ ಮೈಗೆ ಕಟ್ಟಿ ಹಿಡಿದಿರುವ ಕೆಲವು ಬೋಲ್ಟುಗಳಿವೆ. ದಪ್ಪ ಕಿರುಬೆರಳಿನಷ್ಟು, ಉದ್ದ ಒಂದು ಗೇಣಿಗಿಂತ ಕಡಿಮೆ. ಇವುಗಳಲ್ಲಿ ಒಂದು ಮುರಿದರೆ ಅನೇಕ ವೇಳೆ ಗಾಡಿ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಅಪಾಯವಿರುವುದು ಅಲ್ಲಿಯೇ. ಇಂಜಿನು ಕೆಟ್ಟರೆ ಗಾಡಿ ತಾನೇ ನಿಂತು ನಮ್ಮನ್ನು ಎಚ್ಚರಿಸುತ್ತದೆ. ಹಿಂಬದಿಯ ಬೋಲ್ಟು ಮುರಿದಾಗ ಕೇಳಿಸುವುದು ಒಂದು ‘ಟಕ್’ ಶಬ್ದ ಮಾತ್ರ.

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಕಾರ್ಖಾನೆ, ಶೆಡ್ಡುಗಳಲ್ಲಿ ದುಡಿಯುವವರಿದ್ದಾರೆ. ಸಾಲ ಮಾಡಿ ಹಳೆಯ ಕಾರೊಂದನ್ನು ಕೊಂಡ ಗುಮಾಸ್ತರೂ ಇದ್ದಾರೆ. ಇಬ್ಬರಿಗೂ ಉಪಯೋಗವಾಗಲೆಂದು ಈ ಪಾಠವನ್ನು ಬರೆದಿದೆ. ಇದರ ಮುಖ್ಯ ಮಾತು ಒಂದೇ: ಮುರಿದ ಬೋಲ್ಟನ್ನು ಬದಲಿಸುವ ಮೊದಲು ಅದು ಏಕೆ ಮುರಿಯಿತೆಂಬುದನ್ನು ತಿಳಿಯಬೇಕು. ಕಾರಣವನ್ನು ಹಾಗೆಯೇ ಬಿಟ್ಟು ಬೋಲ್ಟನ್ನು ಮಾತ್ರ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

1. ಹಿಂಬದಿಯ ಕಟ್ಟು

ಹಿಂಬದಿಯ ಕಟ್ಟಿನಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕಮಾನು ಪಟ್ಟಿಯದು. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ತೂತು ಕೊರೆದು, ಒಂದು ನಡುಬೋಲ್ಟಿನಿಂದ ಸೇರಿಸಿರುತ್ತಾರೆ. ಈ ಬೋಲ್ಟಿನ ತಲೆ ಅಚ್ಚಿನ ಪೀಠದಲ್ಲಿರುವ ತೂತಿನೊಳಗೆ ಕೂತು, ಅಚ್ಚು ಹಿಂದೆ ಮುಂದೆ ಸರಿಯದಂತೆ ಗೊತ್ತುಪಡಿಸುತ್ತದೆ. ಪಟ್ಟಿಯನ್ನೂ ಅಚ್ಚನ್ನೂ ಬಿಗಿದು ಹಿಡಿಯುವುದು ಅದರ ಎರಡು ಪಕ್ಕದ ಯು-ಬೋಲ್ಟುಗಳು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಗಾಡಿಗಳ ಹಿಂಬದಿ ಈ ಬಗೆಯದು.

ಎರಡನೆಯದು ತೋಳಿನ ಬಗೆ. ಇಲ್ಲಿ ಭಾರ ಹೊರುವುದು ಸುರುಳಿ ಸ್ಪ್ರಿಂಗು. ಗಾಲಿಯನ್ನು ಸ್ಥಳದಲ್ಲಿ ಹಿಡಿಯುವುದು ಉಕ್ಕಿನ ತೋಳುಗಳು. ತೋಳಿನ ತುದಿಯಲ್ಲಿ ರಬ್ಬರಿನ ಬುಷ್ಷು, ಬುಷ್ಷಿನ ನಡುವೆ ಉಕ್ಕಿನ ಕೊಳವೆ, ಕೊಳವೆಯೊಳಗೆ ಉದ್ದನೆಯ ಬೋಲ್ಟು. ಈಗಿನ ಸ್ಪೋರ್ಟ್ಸ್ ಕಾರುಗಳಲ್ಲಿ ಬಹುಪಾಲು ಈ ಬಗೆಯವು.

ಸ್ಪೋರ್ಟ್ಸ್ ಕಾರು ಎಂದರೆ ತಗ್ಗಾದ, ಹಗುರವಾದ, ಚುರುಕಾಗಿ ತಿರುಗುವ ಗಾಡಿ. ವೇಗ ಏರಿಸಿದಾಗ ಅದರ ಭಾರ ಹಿಂದಿನ ಗಾಲಿಗಳ ಮೇಲೆ ಬೀಳುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿಯ ಮೇಲೆ ಬೀಳುತ್ತದೆ. ಆದುದರಿಂದ ಹಿಂಬದಿಯ ಬೋಲ್ಟುಗಳಿಗೆ ದುಡಿಮೆ ಹೆಚ್ಚು. ಇಂಥ ಆಟದ ಗಾಡಿ ನಮ್ಮವರ ಕೈಗೆ ಸಿಕ್ಕಿದ್ದು ಬೆಂಗಳೂರಿನ ಸಿಪಾನಿ ಕಂಪನಿಯ ಡಾಲ್ಫಿನ್ ಮೂಲಕ. 1980ರ ದಶಕದಲ್ಲಿ ತಯಾರಾದ ಈ ಸಣ್ಣ ಕಾರು ಇಂಗ್ಲೆಂಡಿನ ರಿಲಯೆಂಟ್ ಕಿಟನ್ ಗಾಡಿಯ ನಮೂನೆಯದು. ಇಂಜಿನು 848 ಸಿ.ಸಿ., ಮೈ ಫೈಬರ್ ಗ್ಲಾಸಿನದು. ಮಾರಾಟಕ್ಕೆ ಇಟ್ಟದ್ದು ಮನೆಬಳಕೆಯ ಗಾಡಿಯೆಂದೇ. ಆದರೆ ಹಗುರವಾದ ಕಾರಣ ಪಂದ್ಯದವರೂ ರ‍್ಯಾಲಿಯವರೂ ಅದನ್ನು ಮೆಚ್ಚಿದರು. ಅದರ ಹಿಂಬದಿಯೂ ಕಮಾನು ಪಟ್ಟಿಯದೇ.

ಡಾಲ್ಫಿನ್ನಿನಿಂದ ಕಲಿಯತಕ್ಕ ಒಂದು ಪಾಠವುಂಟು. ಫೈಬರಿನ ಮೈಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಕೆಳಗಿನ ಚಾಸಿ ಉಕ್ಕಿನದು, ಬೋಲ್ಟುಗಳೂ ಉಕ್ಕಿನವು. ಮೇಲೆ ಹೊಳೆಯುವ ಗಾಡಿಯ ಕೆಳಗೆ ತುಕ್ಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಹಳೆಯ ಗಾಡಿ ಕೊಳ್ಳುವವರು ಬಣ್ಣವನ್ನು ನೋಡುವ ಮೊದಲು ಬಗ್ಗಿ ಕೆಳಗೆ ನೋಡಬೇಕು.

2. ಬೋಲ್ಟಿನ ನಿಜವಾದ ಕೆಲಸ

ಬೋಲ್ಟು ಗೂಟದ ಹಾಗೆ ಅಡ್ಡ ನಿಂತು ಭಾರ ತಡೆಯುತ್ತದೆಂದು ಅನೇಕರು ತಿಳಿದಿದ್ದಾರೆ. ಬಿಗಿಯುವ ಬೋಲ್ಟಿನ ಕೆಲಸ ಅದಲ್ಲ. ನಟ್ಟನ್ನು ತಿರುಗಿಸಿದಂತೆ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಯತ್ನಿಸಿ, ನಡುವಿನ ಭಾಗಗಳನ್ನು ಒಂದಕ್ಕೊಂದು ಅದುಮುತ್ತದೆ. 12 ಮಿಲಿಮೀಟರು ದಪ್ಪದ ಒಳ್ಳೆಯ ಬೋಲ್ಟೊಂದನ್ನು ಕ್ರಮವಾಗಿ ಬಿಗಿದರೆ ಅದರ ಅದುಮು ಸುಮಾರು 3.5 ರಿಂದ 4 ಟನ್ನು. ಈ ಅದುಮಿನಿಂದ ಹುಟ್ಟುವ ಹಿಡಿತವೇ ಗಾಡಿಯ ಕುಲುಕನ್ನು ತಡೆಯುತ್ತದೆ.

ಬಿಗಿ ತಪ್ಪಿದರೆ ಹಿಡಿತ ಹೋಗುತ್ತದೆ. ಆಗ ಒಂದೊಂದು ಗುಂಡಿಯ ಪೆಟ್ಟೂ ಬೋಲ್ಟಿನ ಮೈಮೇಲೆ ನೇರವಾಗಿ ಬೀಳುತ್ತದೆ. ಆದುದರಿಂದ ಬೋಲ್ಟಿಗೆ ಸಡಿಲವೇ ದೊಡ್ಡ ಶತ್ರು.

3. ಗಟ್ಟಿ ಉಕ್ಕು ಏಕೆ ಮುರಿಯುತ್ತದೆ?

ಕಚೇರಿಯಲ್ಲಿ ಕಾಗದಕ್ಕೆ ಸಿಕ್ಕಿಸುವ ತಂತಿಯ ಕ್ಲಿಪ್ಪೊಂದನ್ನು ತೆಗೆದುಕೊಳ್ಳಿ. ಎಳೆದರೆ ಅದು ತುಂಡಾಗುವುದಿಲ್ಲ. ಅದೇ ಸ್ಥಳದಲ್ಲಿ ಹತ್ತಾರು ಸಲ ಆಚೆ ಈಚೆ ಬಗ್ಗಿಸಿದರೆ ತುಂಡಾಗುತ್ತದೆ. ಒಂದು ಸಲಕ್ಕೆ ಏನೂ ಮಾಡಲಾರದ ಬಲ, ಮರಳಿ ಮರಳಿ ಬಿದ್ದರೆ ಲೋಹವನ್ನು ಮುರಿಯುತ್ತದೆ. ಇದಕ್ಕೆ ಲೋಹದ ದಣಿವು ಎಂದು ಹೆಸರು. ಕ್ಲಿಪ್ಪು ಹತ್ತಾರು ಸಲಕ್ಕೆ ದಣಿದರೆ ಬೋಲ್ಟು ಲಕ್ಷಗಟ್ಟಲೆ ಸಲಕ್ಕೆ ದಣಿಯುತ್ತದೆ. ಒಂದು ಕಿಲೋಮೀಟರಿಗೆ ನೂರು ಕುಲುಕು ಎಂದು ಲೆಕ್ಕ ಹಿಡಿಯೋಣ. ದಿನಕ್ಕೆ 20 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡಿದರೆ ಕುಲುಕುಗಳ ಸಂಖ್ಯೆ 6 ಲಕ್ಷವಾಯಿತು.

ಈ ಜ್ಞಾನ ಮನುಷ್ಯನಿಗೆ ಸುಲಭವಾಗಿ ಬರಲಿಲ್ಲ. 1842ನೆಯ ಮೇ 8ರಂದು ಫ್ರಾನ್ಸಿನಲ್ಲಿ ವರ್ಸೇಯಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲಿನ ಇಂಜಿನಿನ ಅಚ್ಚು ಮುರಿಯಿತು. ಗಾಡಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಆಗಿನ ರೂಢಿಯಂತೆ ಡಬ್ಬಿಗಳ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರಿಂದ ಒಳಗಿನವರು ತಪ್ಪಿಸಿಕೊಳ್ಳಲಾಗಲಿಲ್ಲ. ಬರಿಯ ಕಣ್ಣಿಗೆ ಗಟ್ಟಿಯಾಗಿ ಕಾಣುವ ಅಚ್ಚು ಹೀಗೇಕೆ ಮುರಿಯುತ್ತದೆ ಎಂಬ ಪ್ರಶ್ನೆಯನ್ನು ಇಂಜಿನಿಯರುಗಳು ಅಂದಿನಿಂದ ಗಂಭೀರವಾಗಿ ಕೈಗೆತ್ತಿಕೊಂಡರು. ಜರ್ಮನಿಯ ರೈಲ್ವೆ ಇಂಜಿನಿಯರ್ ಔಗುಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ಅಚ್ಚುಗಳನ್ನು ಯಂತ್ರಕ್ಕೆ ಹಾಕಿ ಮರಳಿ ಮರಳಿ ಬಗ್ಗಿಸಿ, ಯಾವ ಬಲಕ್ಕೆ ಎಷ್ಟು ಸುತ್ತಿನ ಮೇಲೆ ಮುರಿಯುತ್ತದೆಂದು ಪಟ್ಟಿ ಮಾಡಿದನು. ಬಲ ಕಡಿಮೆಯಾದಷ್ಟೂ ಉಕ್ಕಿನ ಆಯುಸ್ಸು ಹೆಚ್ಚುತ್ತದೆ. ಒಂದು ಮಿತಿಗಿಂತ ಕೆಳಗೆ ಇಳಿದರೆ ಅದು ಮುರಿಯದೆ ಬಹುಕಾಲ ಬಾಳುತ್ತದೆ ಎಂದು ಅವನು ತೋರಿಸಿದನು. ಬೋಲ್ಟನ್ನು ಸರಿಯಾಗಿ ಬಿಗಿಯುವುದೆಂದರೆ ಕುಲುಕಿನ ಬಲವನ್ನು ಈ ಮಿತಿಯ ಕೆಳಗೆ ಇಡುವುದೇ ಆಗಿದೆ.

4. ಮುರಿದ ತುಂಡನ್ನು ಓದುವ ಬಗೆ

ಮುರಿದ ತುಂಡನ್ನು ಎಸೆಯಬಾರದು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ಮುರಿದ ಮುಖವನ್ನು ನೋಡಿ.

ಮುಖದ ಒಂದು ಪಾಲು ನುಣುಪಾಗಿದ್ದು, ಕೆರೆಯ ನೀರು ಇಳಿದಂತೆ ದಡದ ಮೇಲೆ ಉಳಿಯುವ ಗೆರೆಗಳ ಹಾಗೆ ಬಾಗಿದ ಗೆರೆಗಳಿದ್ದು, ಉಳಿದ ಪಾಲು ಒರಟಾಗಿದ್ದರೆ ಅದು ದಣಿವಿನ ಮುರಿತ. ಬಿರುಕು ಒಂದು ಅಂಚಿನಲ್ಲಿ ಹುಟ್ಟಿ, ಬಹುದಿನ ನಿಧಾನವಾಗಿ ಬೆಳೆದು, ಕೊನೆಗೆ ಉಳಿದ ಸ್ವಲ್ಪ ಲೋಹ ಒಮ್ಮೆಗೇ ಹರಿದಿದೆ. ಇದರ ಅರ್ಥ, ಸಡಿಲವಾಗಿಯೇ ಗಾಡಿ ಬಹುದೂರ ಓಡಿದೆ.

ಇಡೀ ಮುಖ ಒರಟಾಗಿದ್ದು ಬೋಲ್ಟಿನ ಕುತ್ತಿಗೆ ತೆಳ್ಳಗಾಗಿದ್ದರೆ ಅದು ಅತಿ ಬಿಗಿತದ ಅಥವಾ ಒಂದೇ ದೊಡ್ಡ ಪೆಟ್ಟಿನ ಮುರಿತ. ಮುಖದ ಮೇಲೆ ಸುಳಿಯಂತೆ ತಿರುಚಿದ ಗುರುತು ಕಂಡರೆ ಬಿಚ್ಚುವಾಗಲೋ ಬಿಗಿಯುವಾಗಲೋ ತಿರುಚಿ ಮುರಿದಿದೆ. ಬಿರುಕಿನ ಭಾಗ ಕಂದು ಬಣ್ಣಕ್ಕೆ ತಿರುಗಿ ಉಳಿದದ್ದು ಹೊಳೆಯುತ್ತಿದ್ದರೆ, ಬಿರುಕು ಹಳೆಯದು, ಮುರಿದದ್ದು ಈಚೆಗೆ.

ಕಮಾನು ಪಟ್ಟಿಯ ನಡುಬೋಲ್ಟು ಮುರಿದಾಗ ಈ ಓದು ಬಹಳ ಮುಖ್ಯ. ಅಲ್ಲಿ ಮುರಿದದ್ದು ಒಂದು, ಕೆಟ್ಟದ್ದು ಇನ್ನೊಂದು. ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಯು-ಬೋಲ್ಟುಗಳದು. ಅವು ಸಡಿಲವಾದ ಮೇಲೆ ಅಚ್ಚನ್ನು ತಡೆಯುವ ಭಾರವೆಲ್ಲ ತೆಳ್ಳಗಿನ ನಡುಬೋಲ್ಟಿನ ಮೇಲೆ ಬಿದ್ದು ಅದು ಕತ್ತರಿಸಿಹೋಗುತ್ತದೆ. ಬಳಿಕ ಅಚ್ಚು ಒಂದು ಪಕ್ಕಕ್ಕೆ ಹಿಂದೆ ಸರಿದು, ಗಾಡಿ ಏಡಿಯಂತೆ ಓರೆಯಾಗಿ ನಡೆಯುತ್ತದೆ. ಹಿಂದಿನಿಂದ ನೋಡುವವರಿಗೆ ಇದು ಸ್ಪಷ್ಟವಾಗಿ ಕಾಣುತ್ತದೆ. ಓಡಿಸುವವರಿಗೆ ಸ್ಟಿಯರಿಂಗ್ ಒಂದು ಕಡೆ ಎಳೆದಂತೆ ತೋರುತ್ತದೆ. ಈ ಸ್ಥಿತಿಯಲ್ಲಿ ಗಾಡಿಯನ್ನು ಓಡಿಸಕೂಡದು.

5. ಗಾಡಿಯ ಕೆಳಗೆ ಹೋಗುವ ಮುನ್ನ

ಈ ಭಾಗವನ್ನು ಎರಡು ಸಲ ಓದಬೇಕೆಂದು ಕೋರುತ್ತೇವೆ.

(ಅ) ಸಮತಟ್ಟಾದ, ಗಟ್ಟಿಯಾದ ನೆಲ ಬೇಕು. ಮಣ್ಣು ನೆಲವೂ ಬಿಸಿಲಿಗೆ ಮೆತ್ತಗಾಗುವ ಡಾಂಬರೂ ಒಪ್ಪತಕ್ಕದ್ದಲ್ಲ.

(ಆ) ಗಾಡಿಯನ್ನು ಗೇರಿನಲ್ಲಿಟ್ಟು, ಮುಂದಿನ ಗಾಲಿಗಳ ಹಿಂದೆ ಮುಂದೆ ಮರದ ಬೆಣೆ ಕೊಡಿ. ಕೈಬ್ರೇಕು ಸಾಮಾನ್ಯವಾಗಿ ಹಿಂದಿನ ಗಾಲಿಗಳನ್ನು ಹಿಡಿಯುತ್ತದೆ. ಹಿಂಬದಿಯನ್ನು ಎತ್ತಿದ ಮೇಲೆ ಅದರಿಂದ ಪ್ರಯೋಜನವಿಲ್ಲ.

(ಇ) ಜಾಕಿ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಎತ್ತಿದ ಕೂಡಲೆ ಚಾಸಿಯ ಎರಡು ಪಕ್ಕಕ್ಕೂ ಉಕ್ಕಿನ ಸ್ಟ್ಯಾಂಡು ಕೊಟ್ಟು ಅದರ ಮೇಲೆ ಗಾಡಿಯನ್ನು ಇಳಿಸಬೇಕು. ಇಟ್ಟಿಗೆ, ಪೊಳ್ಳು ಸಿಮೆಂಟ್ ಬ್ಲಾಕುಗಳನ್ನು ಎಂದಿಗೂ ಇಡಕೂಡದು. ಅವು ಎಚ್ಚರಿಕೆ ಕೊಡದೆ ಒಮ್ಮೆಗೇ ಪುಡಿಯಾಗುತ್ತವೆ.

(ಈ) ಕೆಳಗೆ ತೂರುವ ಮೊದಲು ಪಕ್ಕದಲ್ಲಿ ನಿಂತು ಗಾಡಿಯನ್ನು ಕೈಯಿಂದ ಬಲವಾಗಿ ಅಲುಗಿಸಿ ನೋಡಿ. ಬೀಳುವುದಿದ್ದರೆ ಆಗಲೇ ಬೀಳಲಿ.

(ಉ) ಒಬ್ಬರೇ ಮಾಡಬೇಡಿ. ಕೂಗಿದರೆ ಓಗೊಡುವವರೊಬ್ಬರು ಹತ್ತಿರ ಇರಬೇಕು.

ಉಕ್ಕಿನ ಸ್ಟ್ಯಾಂಡು ಇಲ್ಲದವರು ಈ ಕೆಲಸಕ್ಕೆ ಮನೆಯಲ್ಲಿ ಕೈಹಾಕದಿರುವುದೇ ಜಾಣತನ. ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ದುಡಿಯಲು ಬಂದವರು ಮೇಸ್ತ್ರಿಯ ಕೂಲಿ ಉಳಿಸಲು ಪ್ರಾಣವನ್ನು ಪಣವಿಡಬಾರದು.

6. ನಡುಬೋಲ್ಟನ್ನು ಬದಲಿಸುವ ಕ್ರಮ

ಹಿಂದಿನ ರಾತ್ರಿಯೇ ಯು-ಬೋಲ್ಟುಗಳ ನಟ್ಟುಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಗಾಡಿಯನ್ನು ಹೇಳಿದ ಕ್ರಮದಲ್ಲಿ ಎತ್ತಿ, ಚಾಸಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಅಚ್ಚಿನ ಕೆಳಗೆ ಜಾಕಿಯನ್ನು ಬೇರೆಯಾಗಿ ಕೊಟ್ಟು ಅದರ ಭಾರವನ್ನು ಹಿಡಿಯಿರಿ. ಅಚ್ಚಿನ ಮೇಲೆ ಹಾದುಹೋಗುವ ಬ್ರೇಕಿನ ಕೊಳವೆ ಎಲ್ಲಿದೆಯೆಂದು ನೋಡಿಕೊಳ್ಳಿ. ಅಚ್ಚು ಅದಕ್ಕೆ ಜೋತುಬೀಳಬಾರದು.

ಯು-ಬೋಲ್ಟುಗಳ ನಟ್ಟುಗಳನ್ನು ಸರದಿಯ ಮೇಲೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ ತೆಗೆಯಿರಿ. ಪಟ್ಟಿಗಳ ಕಟ್ಟನ್ನು ಬಿಚ್ಚುವ ಮೊದಲು, ಮುರಿದ ಬೋಲ್ಟಿನ ಎರಡು ಪಕ್ಕಕ್ಕೂ ಗಟ್ಟಿಯಾದ ಸಿ-ಕ್ಲ್ಯಾಂಪು ಹಾಕಿ. ಪಟ್ಟಿಗಳು ಒಂದಕ್ಕೊಂದು ಸೆಡೆದುಕೊಂಡಿರುತ್ತವೆ. ಹಿಡಿತ ತಪ್ಪಿದರೆ ಎಗರಿ ಬೆರಳನ್ನು ಜಜ್ಜುತ್ತವೆ. ಮುರಿದ ತುಂಡನ್ನು ತೆಗೆದ ಮೇಲೆ ಒಂದು ಉಕ್ಕಿನ ಸಲಾಕೆಯನ್ನು ತೂರಿಸಿ ತೂತುಗಳನ್ನು ಒಂದೇ ಸಾಲಿಗೆ ತನ್ನಿ. ಬೆರಳನ್ನು ತೂರಿಸಿ ನೋಡಕೂಡದು. ಹೊಸ ಬೋಲ್ಟನ್ನು ಇಳಿಸಿ ನಟ್ಟನ್ನು ಬಿಗಿಯಿರಿ. ಅದರ ತಲೆಯ ಅಳತೆ ಹಳೆಯದರಷ್ಟೇ ಇರಬೇಕು. ಅಚ್ಚಿನ ಪೀಠದ ತೂತಿನಲ್ಲಿ ಅಲುಗಾಡದೆ ಕೂರಬೇಕು. ಪೀಠದ ತೂತು ಸವೆದು ಮೊಟ್ಟೆಯಾಕಾರವಾಗಿದ್ದರೆ ಅದು ವರ್ಕ್‌ಷಾಪಿನ ಕೆಲಸ.

ಯು-ಬೋಲ್ಟು ಮತ್ತು ಅವುಗಳ ನಟ್ಟುಗಳನ್ನು ಹೊಸದಾಗಿಯೇ ಹಾಕಿರಿ. ಒಮ್ಮೆ ಹಿಗ್ಗಿ ಸಡಿಲವಾದದ್ದು ಮತ್ತೆ ಮೊದಲಿನಂತೆ ಹಿಡಿಯುವುದಿಲ್ಲ. ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸರದಿಯಂತೆ ಬಿಗಿಯಬೇಕು. ಗಾಡಿ ಗಾಲಿಗಳ ಮೇಲೆ ನಿಂತ ನಂತರ ಕೊನೆಯ ಬಿಗಿ. ಎಷ್ಟು ಬಿಗಿಯಬೇಕೆಂಬುದನ್ನು ಆಯಾ ಗಾಡಿಯ ಪುಸ್ತಕ ಹೇಳುತ್ತದೆ. ಅದನ್ನು ಅಳೆಯಲು ಟಾರ್ಕ್ ಸ್ಪ್ಯಾನರನ್ನು ಎರವಲು ತರಬಹುದು. ಅಂದಾಜು ತಿಳಿಯಲು ಒಂದು ಉದಾಹರಣೆ: ಅರ್ಧ ಮೀಟರು ಉದ್ದದ ಹಿಡಿಯ ತುದಿಯಲ್ಲಿ 16 ಕಿಲೋಗ್ರಾಂ ಭಾರ ಹಾಕಿದರೆ ಅದು 8 ಕಿಲೋಗ್ರಾಂ-ಮೀಟರು, ಅಂದರೆ ಸುಮಾರು 78 ನ್ಯೂಟನ್-ಮೀಟರು. ನೂರು ಕಿಲೋಮೀಟರು ಓಡಿದ ಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಪರೀಕ್ಷಿಸಬೇಕು. ಹೊಸ ಭಾಗಗಳು ಕೂತುಕೊಂಡಂತೆ ಬಿಗಿ ಸ್ವಲ್ಪ ಇಳಿಯುತ್ತದೆ. ಈ ಕೊನೆಯ ಪರೀಕ್ಷೆಯನ್ನು ಬಿಟ್ಟವರಿಗೆ ಅದೇ ಬೋಲ್ಟು ಎರಡನೆಯ ಸಲ ಮುರಿಯುತ್ತದೆ.

7. ತುಕ್ಕಿನಲ್ಲಿ ಸಿಕ್ಕಿಕೊಂಡ ಬೋಲ್ಟು

ತೋಳಿನ ಬಗೆಯ ಗಾಡಿಗಳಲ್ಲಿ ತೊಂದರೆ ಬೇರೆ. ಕೊಳವೆಯೊಳಕ್ಕೆ ಮಳೆನೀರು ಇಳಿದು ತುಕ್ಕು ಹುಟ್ಟುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕೊಳವೆಯೂ ಬೋಲ್ಟೂ ಒಂದಾಗಿ ಕಚ್ಚಿಕೊಳ್ಳುತ್ತವೆ. ಆಗ ಬಲವಂತವಾಗಿ ತಿರುಗಿಸಿದರೆ ತಲೆ ಮಾತ್ರ ಮುರಿದು ಕೈಗೆ ಬರುತ್ತದೆ. ಇಂಥ ಕಡೆ ತಾಳ್ಮೆಯೇ ಮೊದಲನೆಯ ಹತಾರ. ಎರಡು ಮೂರು ದಿನ ಬಿಡದೆ ಎಣ್ಣೆ ಹಾಕಿ, ತಲೆಯ ಮೇಲೆ ಸುತ್ತಿಗೆಯಿಂದ ಸಣ್ಣಗೆ ತಟ್ಟಿ, ಮೊದಲು ಬಿಗಿಯುವ ದಿಕ್ಕಿಗೆ ಎಳ್ಳಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ, ಹೀಗೆ ಆಡಿಸುತ್ತ ತೆಗೆಯಬೇಕು. ಚೌಕಾಕಾರವಾಗಿ ಸವೆದ ಸ್ಪ್ಯಾನರು ಬೇಡ. ಆರು ಮೂಲೆಯ ಸಾಕೆಟ್ಟೇ ಸರಿ.

ತಲೆ ಮುರಿದೇ ಹೋದರೆ ಮೂರು ದಾರಿಗಳಿವೆ. ತುಂಡು ಹೊರಗೆ ಚಾಚಿದ್ದರೆ ಅದಕ್ಕೆ ನಟ್ಟೊಂದನ್ನು ವೆಲ್ಡ್ ಮಾಡಿಸಿ ತಿರುಗಿಸಬಹುದು. ಒಳಗೇ ಮುರಿದಿದ್ದರೆ ನಟ್ಟನಡುವೆ ಪಂಚಿನಿಂದ ಗುರುತು ಹಾಕಿ, ಮೊದಲು 3 ಮಿಲಿಮೀಟರು, ಆಮೇಲೆ ಕ್ರಮೇಣ ದಪ್ಪ ಡ್ರಿಲ್ಲಿನಿಂದ ಕೊರೆದು ತುಂಡನ್ನು ತೆಗೆಯಬಹುದು. ನಡು ತಪ್ಪಿದರೆ ಸುತ್ತಲಿನ ಥ್ರೆಡ್ಡು ಹಾಳಾಗುತ್ತದೆ. ಕೊಳವೆಯಲ್ಲೇ ಕಚ್ಚಿಕೊಂಡಿದ್ದರೆ ಬುಷ್ಷಿನ ಎರಡು ಪಕ್ಕದಲ್ಲಿಯೂ ಗರಗಸದಿಂದ ಬೋಲ್ಟನ್ನು ಕತ್ತರಿಸಿ, ತೋಳನ್ನು ಹೊರತೆಗೆದು ಬುಷ್ಷನ್ನೇ ಬದಲಿಸುವುದು ನಿಶ್ಚಿತವಾದ ಮಾರ್ಗ. ಸುರುಳಿ ಸ್ಪ್ರಿಂಗು ಅದುಮಿಕೊಂಡು ಆ ತೋಳಿನ ಮೇಲೆ ಕೂತಿದ್ದರೆ ಮಾತ್ರ ಇದಕ್ಕೆ ಕೈಹಾಕಬೇಡಿ. ತೋಳು ಬಿಚ್ಚಿದ ಕ್ಷಣ ಸ್ಪ್ರಿಂಗು ಸಿಡಿದು ಪ್ರಾಣಕ್ಕೆ ಎರವಾಗಬಹುದು. ಬೆಂಕಿ ಕೊಡುವುದೂ ವೆಲ್ಡಿಂಗೂ ಮನೆಯ ಕೆಲಸಗಳಲ್ಲ; ಹತ್ತಿರದಲ್ಲೇ ಪೆಟ್ರೋಲು ಟ್ಯಾಂಕು, ರಬ್ಬರು, ಷಾಕ್ ಅಬ್ಸಾರ್ಬರು ಇರುತ್ತವೆ.

ಹೊಸ ಬೋಲ್ಟು ಹಾಕುವಾಗ ಒಂದು ಸೂಕ್ಷ್ಮವನ್ನು ನೆನಪಿಡಬೇಕು. ಬುಷ್ಷಿನ ಬೋಲ್ಟನ್ನು ಗಾಲಿ ಜೋತಾಡುತ್ತಿರುವಾಗ ಕೊನೆಯ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಗಾಡಿ ಇಳಿದಾಗ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಗಾಡಿಯ ಭಾರ ಗಾಲಿಗಳ ಮೇಲೆ ಬಿದ್ದ ಮೇಲೆಯೇ ಬಿಗಿಯತಕ್ಕದ್ದು.

8. ಅಂಗಡಿಗೆ ಹೋದಾಗ

ನಮ್ಮ ನಗರದಲ್ಲಿ ಗಾಡಿಯ ಬಿಡಿಭಾಗಗಳಿಗೆ ಸಿಕಂದರಾಬಾದಿನ ರಾಣಿಗಂಜ್, ಕೋಠಿಯ ಬಳಿಯ ಪುತಲೀಬೌಲಿ ಹೆಸರಾದ ಪೇಟೆಗಳು. ಮುರಿದ ಬೋಲ್ಟಿನ ಎರಡು ತುಂಡುಗಳನ್ನೂ ನಟ್ಟನ್ನೂ ಕೊಂಡುಹೋಗಿ. ಇಲ್ಲಿಯ ಉಸ್ತಾದರ ಮಾತಿನಲ್ಲಿ ಥ್ರೆಡ್ಡಿಗೆ ‘ಚೂಡಿ’, ಸ್ಪ್ಯಾನರಿಗೆ ‘ಪಾನಾ’, ಕಮಾನು ಪಟ್ಟಿಗೆ ‘ಕಮಾನಿ’, ಲೇತಿಗೆ ‘ಖರಾದ್’. ಊರಿನಿಂದ ಹೊಸದಾಗಿ ಬಂದವರು ಈ ನಾಲ್ಕು ಮಾತು ಕಲಿತರೆ ಕೆಲಸ ಸುಲಭ.

ಬೋಲ್ಟಿನ ತಲೆಯ ಮೇಲಿನ ಅಂಕಿಯನ್ನು ನೋಡಿ. 8.8 ಎಂದಿದ್ದರೆ ಒಂದು ಚದರ ಮಿಲಿಮೀಟರಿಗೆ ಸುಮಾರು 80 ಕಿಲೋಗ್ರಾಂ ಎಳೆತದವರೆಗೆ ಅದು ತುಂಡಾಗುವುದಿಲ್ಲ. ಅದರ ಹತ್ತರಲ್ಲಿ ಎಂಟು ಪಾಲಿನವರೆಗೆ ಹಿಗ್ಗಿದರೂ ಮೊದಲಿನಂತಾಗುತ್ತದೆ. 10.9 ಇನ್ನೂ ಗಟ್ಟಿ. 4.6ರ ಸಾಧಾರಣ ಬೋಲ್ಟಿನ ಶಕ್ತಿ 8.8ರ ಅರ್ಧ ಮಾತ್ರ. ಬಾಗಿಲು, ಬೇಲಿಗಳಿಗೆ ಹಾಕುವ ಅಂಕಿಯಿಲ್ಲದ ಬೋಲ್ಟನ್ನು ಗಾಡಿಗೆ ಹಾಕಕೂಡದು.

ಅಳತೆಯಲ್ಲಿಯೂ ಮೋಸಹೋಗಬಾರದು. ಇಂಗ್ಲಿಷ್ ಮೂಲದ ಹಳೆಯ ಗಾಡಿಗಳಲ್ಲಿ ಇಂಚಿನ ಥ್ರೆಡ್ಡು, ಇಟಲಿ ಮತ್ತು ಜಪಾನು ಮೂಲದವುಗಳಲ್ಲಿ ಮಿಲಿಮೀಟರಿನದು. 5/16 ಇಂಚು ಎಂದರೆ 7.94 ಮಿಲಿಮೀಟರು. ಕಣ್ಣಿಗೆ ಅದೂ 8 ಮಿಲಿಮೀಟರೂ ಒಂದೇ; ಥ್ರೆಡ್ಡಿನ ಅಂತರ ಬೇರೆ. ನಟ್ಟು ಎರಡು ಸುತ್ತು ಹೋಗಿ ಬಿಗಿಯಾದರೆ ‘ಕೂತಿತು’ ಎಂದು ತಿಳಿಯಬೇಡಿ, ಅದು ಥ್ರೆಡ್ಡನ್ನು ಕೊಯ್ಯುತ್ತಿದೆ. ಒಳ್ಳೆಯ ನಟ್ಟು ಕೊನೆಯವರೆಗೂ ಬೆರಳಿನಿಂದಲೇ ತಿರುಗಬೇಕು. ನೈಲಾನ್ ಉಂಗುರವಿರುವ ನಟ್ಟಿಗೆ ಮಾತ್ರ ಈ ನಿಯಮವಿಲ್ಲ. ಅದನ್ನು ಒಮ್ಮೆ ಬಿಚ್ಚಿದರೆ ಮತ್ತೆ ಹಾಕಬಾರದು.

9. ಮುರಿಯದಂತೆ ನೋಡಿಕೊಳ್ಳುವುದು

ಹಿಂದೆ ದೊಡ್ಡ ಸ್ಟೇಷನ್ನುಗಳಲ್ಲಿ ರೈಲು ನಿಂತಾಗ ಒಬ್ಬ ನೌಕರ ಉದ್ದ ಹಿಡಿಯ ಸುತ್ತಿಗೆಯಿಂದ ಗಾಲಿಗಳನ್ನು ತಟ್ಟುತ್ತ ಹೋಗುತ್ತಿದ್ದ. ಗಟ್ಟಿ ಗಾಲಿ ಗಂಟೆಯಂತೆ ನುಡಿಯುತ್ತಿತ್ತು, ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ. ಅದೇ ಉಪಾಯವನ್ನು ನಾವೂ ಮಾಡಬಹುದು. ತಿಂಗಳಿಗೊಮ್ಮೆ ನಟ್ಟಿನ ಒಂದು ಪಕ್ಕಕ್ಕೆ ಬೆರಳಿಟ್ಟು ಇನ್ನೊಂದು ಪಕ್ಕವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ. ಸಡಿಲವಾಗಿದ್ದರೆ ಬೆರಳಿಗೆ ಅಲುಗಾಟ ತಿಳಿಯುತ್ತದೆ. ನಟ್ಟಿನ ಸುತ್ತ ಕೆಂಪು ಪುಡಿ ಕಂಡರೆ ಅಲ್ಲಿ ಲೋಹ ಉಜ್ಜಾಡುತ್ತಿದೆ. ಬಿಗಿದ ನಟ್ಟಿನಿಂದ ಬೋಲ್ಟಿನವರೆಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಗೆರೆ ಮುರಿದ ದಿನವೇ ಸಡಿಲ ಗೊತ್ತಾಗುತ್ತದೆ. ಸ್ಕೂಟರು ಇರುವವರು ಹಿಂದಿನ ಷಾಕ್ ಅಬ್ಸಾರ್ಬರಿನ ಮೇಲಿನ, ಕೆಳಗಿನ ಬೋಲ್ಟುಗಳಿಗೆ ಇದನ್ನೇ ಮಾಡಬಹುದು. ಮಳೆಗಾಲ ಮುಗಿದ ಮೇಲೆ, ಅಂದರೆ ಅಕ್ಟೋಬರಿನಲ್ಲಿ, ಒಮ್ಮೆ ಪೂರ್ತಿಯಾಗಿ ನೋಡುವುದು ಒಳ್ಳೆಯದು. ಗುಂಡಿ ಬಿದ್ದ ರಸ್ತೆಯೂ ನಿಂತ ನೀರೂ ನಾಲ್ಕು ತಿಂಗಳು ಮಾಡಿದ ಕೆಲಸ ಆಗ ಕಾಣುತ್ತದೆ.

ಮುರಿದ ಬೋಲ್ಟನ್ನೇ ವೆಲ್ಡ್ ಮಾಡಿ ಮತ್ತೆ ಹಾಕುವುದು, ತೂತು ಸವೆಯಿತೆಂದು ತಗಡಿನ ಚೂರು ತುರುಕುವುದು, ಬಿಗಿ ನಿಲ್ಲಲಿಲ್ಲವೆಂದು ತಂತಿ ಸುತ್ತುವುದು, ಈ ಮೂರೂ ರಿಪೇರಿಗಳಲ್ಲ, ಮುಂದಿನ ಅಪಘಾತದ ತಯಾರಿಗಳು.

ಅಭ್ಯಾಸ

1. ಬಿಗಿಯಾದ ಬೋಲ್ಟಿಗಿಂತ ಸಡಿಲವಾದ ಬೋಲ್ಟು ಬೇಗ ಮುರಿಯುವುದೇಕೆ?
2. ಮುರಿದ ಮುಖದ ಅರ್ಧ ನುಣುಪಾಗಿ, ಅರ್ಧ ಒರಟಾಗಿದ್ದರೆ ಏನು ತಿಳಿಯಬೇಕು?
3. ನಡುಬೋಲ್ಟು ಮುರಿದಾಗ ಮೊದಲು ಪರೀಕ್ಷಿಸಬೇಕಾದದ್ದು ಯಾವುದು?
4. ಹಿಂಬದಿಯನ್ನು ಎತ್ತಿದಾಗ ಕೈಬ್ರೇಕನ್ನು ನಂಬಬಾರದೇಕೆ?
5. ಬುಷ್ಷಿನ ಬೋಲ್ಟಿನ ಕೊನೆಯ ಬಿಗಿ ಯಾವಾಗ?